ಹಳೆಯ ಪಿಎಲ್‌ಸಿ, ಮನೆಯ ವೈಫೈ: ನಡುವಿನ ಪುಟ್ಟ ಡಬ್ಬಿ ಏನು ಮಾಡುತ್ತದೆ?

ಡಂಬಳದ ಸುತ್ತಮುತ್ತ ಕೊಳವೆಬಾವಿ ಇರುವವರಿಗೆ ತ್ರೀ ಫೇಸ್ ಕರೆಂಟು ಬರುವ ಹೊತ್ತಿನದೇ ಚಿಂತೆ. ಅದು ರಾತ್ರಿ ಬಂದರೆ ರಾತ್ರಿಯೇ ಎದ್ದು ಹೊಲಕ್ಕೆ ಹೋಗಬೇಕು. ಆಟೋ ಸ್ಟಾರ್ಟರ್, ಮೊಬೈಲ್ ಸ್ಟಾರ್ಟರ್‌ಗಳು ಬಂದ ಮೇಲೆ ಈ ಓಡಾಟ ಎಷ್ಟೋ ಕಡಿಮೆಯಾಗಿದೆ. ಈಚೆಗೆ ಊರಿಗೆ ಹೋದಾಗ, ಹೊಲದಲ್ಲೇ ಮನೆ ಮಾಡಿಕೊಂಡಿರುವ ಕಾಕಾ ಒಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಗುಜರಿಯಲ್ಲಿ ಸಿಕ್ಕ ಹಳೆಯ ಪಿಎಲ್‌ಸಿಯನ್ನು ಪಂಪಿನ ಪ್ಯಾನೆಲ್ಲಿಗೆ ಹಾಕಿಸಿದ್ದರು. ಇನ್ನು ಅದನ್ನು ಮನೆಯ ವೈಫೈಗೆ ಜೋಡಿಸುವುದೊಂದೇ ಬಾಕಿ. ಸುರಕ್ಷತೆಯ ಮಾತೆತ್ತಿದರೆ, "ಇಷ್ಟು ಹಳೇದನ್ನ ಯಾರು ಹ್ಯಾಕ್ ಮಾಡ್ತಾರ ತಗೋ? ಅದಕ್ಕ ಇಂಟರ್ನೆಟ್ ಅಂದ್ರೇನು ಅಂತನ ಗೊತ್ತಿಲ್ಲ" ಎಂದರು.

ಈ ಮಾತನ್ನು ಕಾರ್ಖಾನೆಗಳಲ್ಲೂ ಕೇಳಬಹುದು. ಅದರಲ್ಲಿ ಅರ್ಧ ಸತ್ಯವಿದೆ.

ಪಿಎಲ್‌ಸಿ ಎಂದರೆ ಮೋಟಾರು, ವಾಲ್ವು, ಸೆನ್ಸರುಗಳನ್ನು ನಿಯಂತ್ರಿಸಲೆಂದೇ ತಯಾರಾದ ಗಟ್ಟಿಮುಟ್ಟಾದ ಕಂಪ್ಯೂಟರ್. ಇಪ್ಪತ್ತು-ಮೂವತ್ತು ವರ್ಷ ದುಡಿದರೂ ಕೆಡದಿರುವುದು ಅದರ ಗುಣ. ಹಳೆಯವುಗಳಲ್ಲಿ ನೆಟ್‌ವರ್ಕ್ ಕೇಬಲ್ಲಿಗೆ ಜಾಗವಿರುವುದಿಲ್ಲ, ಸೀರಿಯಲ್ ಪೋರ್ಟ್ ಮಾತ್ರ ಇರುತ್ತದೆ. ಅದು 1960ರ ದಶಕದ ಆರ್‌ಎಸ್-232 ಆಗಿರಬಹುದು, ಇಲ್ಲವೇ 1983ರಲ್ಲಿ ಬಂದ ಆರ್‌ಎಸ್-485 ಆಗಿರಬಹುದು. ಮೊದಲನೆಯದು ಕೆಲವೇ ಮೀಟರ್ ದೂರಕ್ಕೆ ಸಾಕು. ಎರಡನೆಯದು ಒಂದು ಜೊತೆ ತಂತಿಯ ಮೇಲೆ, ವೇಗ ಕಡಿಮೆ ಇಟ್ಟುಕೊಂಡರೆ, ಸುಮಾರು 1200 ಮೀಟರ್‌ವರೆಗೂ ಹೋಗುತ್ತದೆ.

ಸೀರಿಯಲ್ ಅಡಾಪ್ಟರ್ ಎಂಬ ಪುಟ್ಟ ಡಬ್ಬಿಗೆ ಒಂದು ಬದಿಯಲ್ಲಿ ಈ ತಂತಿಗಳು, ಇನ್ನೊಂದು ಬದಿಯಲ್ಲಿ ರೌಟರು. ತಂತಿಯಲ್ಲಿ ಬಂದ ಬೈಟುಗಳನ್ನು ಅದು ನೆಟ್‌ವರ್ಕಿಗೆ ದಾಟಿಸುತ್ತದೆ, ಅಲ್ಲಿಂದ ಬಂದದ್ದನ್ನು ತಂತಿಗೆ ದಾಟಿಸುತ್ತದೆ. ಜೋಡಿಸುವಾಗ ಜನ ಎಡವುವುದು ಸಣ್ಣ ಸಂಗತಿಗಳಲ್ಲಿ. ವೇಗ, ಪ್ಯಾರಿಟಿ, ಸ್ಟಾಪ್ ಬಿಟ್ ಎರಡೂ ಕಡೆ ಒಂದೇ ಇರಬೇಕು. ಆರ್‌ಎಸ್-485ರ ಎ ಮತ್ತು ಬಿ ತಂತಿಗಳನ್ನು ಎಲ್ಲ ಕಂಪನಿಗಳೂ ಒಂದೇ ಅರ್ಥದಲ್ಲಿ ಗುರುತಿಸುವುದಿಲ್ಲ, ಹಾಗಾಗಿ ಉತ್ತರ ಬರದಿದ್ದರೆ ಅದಲುಬದಲು ಮಾಡಿ ನೋಡುವುದು ರೂಢಿ. ಆದರೆ ಆರ್‌ಎಸ್-232ರ ತಂತಿಯನ್ನು 3.3 ಅಥವಾ 5 ವೋಲ್ಟಿನ ಹವ್ಯಾಸಿ ಬೋರ್ಡಿಗೆ ನೇರ ಕೊಟ್ಟರೆ ಬೋರ್ಡು ಸುಟ್ಟೇ ಹೋಗಬಹುದು, ಏಕೆಂದರೆ ಅದರಲ್ಲಿ ಶೂನ್ಯದ ಎರಡೂ ಬದಿಗೆ 15 ವೋಲ್ಟಿನವರೆಗೆ ಏರಿಳಿತವಿರುತ್ತದೆ. ಹೊಲದ ತಂತಿಗಾದರೆ ಐಸೋಲೇಶನ್ ಇರುವ ಅಡಾಪ್ಟರನ್ನೇ ಕೊಳ್ಳಬೇಕು. ಅಡ್ಡಮಳೆಯ ಸಿಡಿಲು ದೂರದಲ್ಲಿ ಬಿದ್ದರೂ ಉದ್ದ ತಂತಿಯಲ್ಲಿ ವೋಲ್ಟೇಜ್ ನುಗ್ಗಬಹುದು. ನೇರ ಸಿಡಿಲಿಗೆ ಮಾತ್ರ ಯಾವ ಅಡಾಪ್ಟರೂ ಉತ್ತರವಲ್ಲ.

ಇಷ್ಟಾದ ಮೇಲೆ ಮೊಬೈಲಿನಲ್ಲಿ ಪಂಪಿನ ಸ್ಥಿತಿ ಕಾಣುತ್ತದೆ. ನಿಜವಾದ ಪ್ರಶ್ನೆ ಶುರುವಾಗುವುದು ಇಲ್ಲಿ.

ಶಾಲೆಯಲ್ಲಿ ರಜೆ ಚೀಟಿ ಬರೆದದ್ದು ನೆನಪಿದೆಯೇ? ಮೊದಲು 'ಇಂದ', ಆಮೇಲೆ 'ಗೆ'. ಇಂತಹ ಯಂತ್ರಗಳು ಬಹಳವಾಗಿ ಆಡುವ ಭಾಷೆ ಮಾಡ್‌ಬಸ್. ಅದನ್ನು 1979ರಲ್ಲಿ ಮಾಡಿಕಾನ್ ಕಂಪನಿ ರೂಪಿಸಿತು. ಸೀರಿಯಲ್ ತಂತಿಯ ಮೇಲೆ ಅದರ ಸಂದೇಶದಲ್ಲಿ ಯಾವ ಯಂತ್ರಕ್ಕೆ ಎಂಬ ಸಂಖ್ಯೆ ಇರುತ್ತದೆ, ಏನು ಮಾಡಬೇಕು ಎಂಬ ಸಂಖ್ಯೆ ಇರುತ್ತದೆ, ವಿವರ ಇರುತ್ತದೆ, ಕೊನೆಗೆ ಸಾಗಣೆಯಲ್ಲಿ ಅಕ್ಷರ ಕೆಟ್ಟಿದೆಯೇ ಎಂದು ತಾಳೆ ನೋಡುವ ಎರಡು ಬೈಟ್ ಇರುತ್ತವೆ. 'ಇಂದ' ಎಂಬುದೇ ಇಲ್ಲ. ಪಾಸ್‌ವರ್ಡೂ ಇಲ್ಲ. ಸಂವಹನ ಓದಿದ ನನಗೆ ಇದು ಮೊದಲು ವಿಚಿತ್ರವಾಗಿ ಕಂಡಿತ್ತು. ಆದರೆ ಅಂದಿನವರು ದಡ್ಡರೇನಲ್ಲ. ಆ ತಂತಿ ಬೀಗ ಹಾಕಿದ ಪ್ಯಾನೆಲ್ಲಿನಿಂದ ಹೊರಟು ಅದೇ ಕಾರ್ಖಾನೆಯ ಇನ್ನೊಂದು ಕೋಣೆಗೆ ಹೋಗುತ್ತಿತ್ತು. ಅದರ ಮೇಲೆ ಮಾತಾಡುವವರು ನಮ್ಮವರೇ ಆಗಿರುತ್ತಿದ್ದರು.

ಕಾಕಾ ಹೇಳಿದ ಅರ್ಧ ಸತ್ಯ ಇದೇ: ಯಂತ್ರವನ್ನು ಕಾಯುತ್ತಿದ್ದದ್ದು ಅದರ ಹಳೆತನವಲ್ಲ, ಪ್ಯಾನೆಲ್ಲಿನ ಬೀಗ. ಅಡಾಪ್ಟರ್ ಆ ಬೀಗವನ್ನು ತೆಗೆದುಬಿಡುತ್ತದೆ, ಅದರ ಜಾಗಕ್ಕೆ ತಾನಾಗಿ ಏನನ್ನೂ ಇಡುವುದಿಲ್ಲ. ಅಡಾಪ್ಟರಿಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಬಹುತೇಕ ಅದು ಕಾಯುವುದು ಸೆಟ್ಟಿಂಗ್ ಪುಟವನ್ನು, ಬೈಟುಗಳು ಓಡಾಡುವ ದಾರಿಯನ್ನಲ್ಲ.

ಇದು ಊಹೆಯ ಭಯವಲ್ಲ. 2015ರ ಡಿಸೆಂಬರಿನಲ್ಲಿ ಉಕ್ರೇನಿನ ವಿದ್ಯುತ್ ಕಂಪನಿಗಳ ಮೇಲೆ ದಾಳಿಯಾಗಿ ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ದಾಳಿಕೋರರು ಸಬ್‌ಸ್ಟೇಷನ್ನುಗಳಲ್ಲಿದ್ದ ಇಂತಹವೇ ಅಡಾಪ್ಟರುಗಳ ಒಳಗಿನ ತಂತ್ರಾಂಶವನ್ನೂ ಕೆಡಿಸಿದ್ದರು. ಕೊನೆಗೆ ಸಿಬ್ಬಂದಿ ಖುದ್ದಾಗಿ ಹೋಗಿ ಕೈಯಿಂದಲೇ ಸ್ವಿಚ್ ಹಾಕಬೇಕಾಯಿತು. 2023ರ ನವೆಂಬರಿನಲ್ಲಿ ಅಮೆರಿಕದ ಅಲಿಕ್ವಿಪ್ಪ ಎಂಬ ಊರಿನ ನೀರು ಪೂರೈಕೆಯ ಪಿಎಲ್‌ಸಿಯೊಂದು ಹೊರಗಿನವರ ಕೈಗೆ ಸಿಕ್ಕಿತು. ಆ ಬಗೆಯ ಪಿಎಲ್‌ಸಿಗೆ ಕಂಪನಿ ಇಟ್ಟುಕೊಟ್ಟಿದ್ದ ಪಾಸ್‌ವರ್ಡ್ 1111. ಅದು ದೊಡ್ಡ ನಗರವೇನಲ್ಲ. ಇಂಟರ್ನೆಟ್ಟಿಗೆ ತೆರೆದುಕೊಂಡ ಯಂತ್ರಗಳನ್ನು ಹುಡುಕಿ ಪಟ್ಟಿ ಮಾಡುವ ತಾಣಗಳಿಗೆ ಊರು ಯಾವುದಾದರೂ ಒಂದೇ.

ಹಾಗೆಂದು ಹಳೆಯ ಪಿಎಲ್‌ಸಿಯನ್ನು ಎಸೆಯಬೇಕಿಲ್ಲ. ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾತ್ರ ಮಾಡಬಾರದು. ಯೂಟ್ಯೂಬ್ ವಿಡಿಯೋಗಳು ಮೊದಲು ಹೇಳಿಕೊಡುವುದು ಅದನ್ನೇ ಎಂಬುದು ಬೇಸರದ ಸಂಗತಿ. ದೂರದಿಂದ ನೋಡಬೇಕೆಂದರೆ ವಿಪಿಎನ್ ಮೂಲಕ ಮನೆಯ ನೆಟ್‌ವರ್ಕಿಗೆ ಬನ್ನಿ. ಇನ್ನೂ ಒಳ್ಳೆಯದೆಂದರೆ ಅಡಾಪ್ಟರನ್ನು ವೈಫೈಗೆ ಕೊಡದೆ, ನಡುವೆ ರಾಸ್ಪ್‌ಬೆರಿ ಪೈನಂತಹ ಸಣ್ಣ ಕಂಪ್ಯೂಟರ್ ಇಟ್ಟು ಅದಕ್ಕಷ್ಟೇ ಜೋಡಿಸುವುದು. ಮಾಡ್‌ಬಸ್‌ನಲ್ಲಿ ಓದುವ ಆಜ್ಞೆಗಳೇ ಬೇರೆ, ಬರೆಯುವ ಆಜ್ಞೆಗಳೇ ಬೇರೆ. 3 ಮತ್ತು 4 ರಿಜಿಸ್ಟರ್ ಓದುತ್ತವೆ. 5, 6, 15, 16 ಬದಲಾಯಿಸುತ್ತವೆ. ನಡುವಿನ ಕಂಪ್ಯೂಟರ್ ಓದುವ ಆಜ್ಞೆಗಳನ್ನು ಮಾತ್ರ ಕಳಿಸಿದರೆ ನೀರಿನ ಮಟ್ಟ, ಕರೆಂಟಿನ ಸ್ಥಿತಿ ಎಲ್ಲ ಮೊಬೈಲಿನಲ್ಲಿ ಕಾಣುತ್ತವೆ, ಆದರೆ ಅಲ್ಲಿಂದ ಯಾರೂ ಪಂಪ್ ಚಾಲೂ ಮಾಡಲಾರರು.

ಇದನ್ನು ಕೇಳಿ ಕಾಕಾ ಒಪ್ಪಲಿಲ್ಲ. ಚಾಲೂ ಮಾಡಲಿಕ್ಕೇ ಅಲ್ಲವೇ ಇಷ್ಟೆಲ್ಲ? ಅದೂ ಸರಿಯೇ. ಹಾಗಾದರೆ ಪ್ಯಾನೆಲ್ಲಿನಲ್ಲಿ ಕೈಯಿಂದ ತಿರುಗಿಸುವ ಆಟೋ-ಮ್ಯಾನುವಲ್ ಸ್ವಿಚ್ ಇರಬೇಕು. ಅದರ ತಂತಿ ಪಿಎಲ್‌ಸಿಯ ಪ್ರೋಗ್ರಾಮನ್ನು ಕೇಳದೆ ನೇರವಾಗಿ ಕಾಂಟ್ಯಾಕ್ಟರ್ ಕಾಯಿಲಿನ ದಾರಿಯನ್ನೇ ಕಡಿಯುವಂತಿರಬೇಕು. ಓವರ್‌ಲೋಡ್, ಡ್ರೈ ರನ್ ರಕ್ಷಣೆಗಳೂ ಹಾಗೆಯೇ. ಸ್ವಿಚ್ ಮ್ಯಾನುವಲ್‌ನಲ್ಲಿ ಇರುವಾಗ ನೆಟ್‌ವರ್ಕಿನಿಂದ ಯಾವ ಆಜ್ಞೆ ಬಂದರೂ ಮೋಟಾರು ತಿರುಗಬಾರದು. ಇನ್ನು ಸ್ಟಾರ್ಟರ್ ಬಿಚ್ಚಿ ರಿಪೇರಿ ಮಾಡುವಾಗ ಈ ಸ್ವಿಚ್ಚನ್ನೂ ನಂಬದೆ ಮೇನ್ ಸ್ವಿಚ್ ತೆಗೆದು ಫ್ಯೂಸ್ ಕ್ಯಾರಿಯರುಗಳನ್ನು ಜೇಬಿಗೆ ಹಾಕಿಕೊಳ್ಳಬೇಕು. ಬಾವಿಯ ಹತ್ತಿರ ಒಬ್ಬರು ಕೈಯಿಟ್ಟು ಕೆಲಸ ಮಾಡುವಾಗ, ಮನೆಯಲ್ಲಿ ಕೂತವರಿಗೆ ಮೊಬೈಲಿನ ಪರದೆಯ ಮೇಲೆ ಆ ಕೈ ಕಾಣುವುದಿಲ್ಲ.

ಕಾಕಾ ಸದ್ಯಕ್ಕೆ ಸ್ವಿಚ್ ಹಾಕಿಸಿದ್ದಾರೆ. ವಿಪಿಎನ್ ಇನ್ನೂ ಆಗಿಲ್ಲ, ಅಲ್ಲಿಯವರೆಗೆ ಅಡಾಪ್ಟರಿನ ಕೇಬಲ್ ರೌಟರಿನಿಂದ ಹೊರಗೇ ಇದೆ.