ಹಸಿರು ಬಳಿದ ಮಾತ್ರಕ್ಕೆ



ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪ್ಲಾಸ್ಟಿಕ್ ಡಬ್ಬಿಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ನಡೆಸುತ್ತಿದ್ದಾನೆ. ಸಂಸ್ಥೆಗೆ ಹೊಸ ಲಾಂಛನ ಮಾಡಿಸುತ್ತಿದ್ದಾನಂತೆ. ಐದಾರು ಬಗೆಯ ಹಸಿರಿನ ಹಾಳೆಗಳನ್ನು ಮುಂದಿಟ್ಟು, "ಯಾವುದು ಚೆನ್ನಾಗಿದೆ, ನೀವೇ ಹೇಳಿ ಸಾರ್" ಎಂದ.

"ಹಸಿರೇ ಏಕಪ್ಪಾ?" ಎಂದು ಕೇಳಿದೆ.

"ಹಸಿರು ನೋಡಿದರೆ ಜನಕ್ಕೆ ನಂಬಿಕೆ ಹುಟ್ಟುತ್ತದೆ ಸಾರ್."

ಆ ಮಾತೇ ಈ ಬರಹಕ್ಕೆ ಕಾರಣ.

ಅವನು ಹೇಳಿದ್ದು ಸುಳ್ಳಲ್ಲ. ಮದುವೆಮನೆಯ ಹಸಿರು ತೋರಣ, ಮುತ್ತೈದೆಯ ಹಸಿರು ಬಳೆ, ರೈತನ ಹೆಗಲಿನ ಹಸಿರು ಶಾಲು, ಬಿಸ್ಕತ್ತಿನ ಪೊಟ್ಟಣದ ಮೇಲೆ ಸಸ್ಯಾಹಾರವೆಂದು ಸಾರುವ ಹಸಿರು ಚುಕ್ಕೆ, ಇವೆಲ್ಲವೂ ಬಾಯಿ ತೆರೆಯದೆಯೇ ಮಾತು ಕೊಡುತ್ತವೆ. ಆದುದರಿಂದಲೇ ಹಸಿರನ್ನು ಆರಿಸುವುದು ಕೇವಲ ಅಂದದ ಪ್ರಶ್ನೆಯಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಪ್ರಶ್ನೆ.

ಬ್ರಿಟನ್ನಿನ ತೈಲ ಸಂಸ್ಥೆ ಬಿಪಿ 2000ರಲ್ಲಿ ತನ್ನ ಹಳೆಯ ಗುರಾಣಿಯ ಲಾಂಛನವನ್ನು ಬಿಟ್ಟು, ಅರಳಿದ ಹೂವಿನಂಥ ಹಸಿರು-ಹಳದಿ ಲಾಂಛನವನ್ನು ಧರಿಸಿತು. ಗ್ರೀಕರ ಸೂರ್ಯದೇವ ಹೀಲಿಯೋಸನ ಹೆಸರನ್ನು ಅದಕ್ಕಿಟ್ಟರು. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು. ಸಮುದ್ರಕ್ಕೆ ಸುಮಾರು ಮೂರು ತಿಂಗಳು ತೈಲ ಹರಿಯಿತು. ಆಗ ಜನ ಅದೇ ಹಸಿರು ಹೂವಿನಿಂದ ಕಪ್ಪು ಎಣ್ಣೆ ತೊಟ್ಟಿಕ್ಕುವಂತೆ ಚಿತ್ರ ಬರೆದು ಹಂಗಿಸಿದರು. ಬೇರೆ ಬಣ್ಣವಾಗಿದ್ದರೆ ಅಷ್ಟು ಅಣಕವಾಗುತ್ತಿರಲಿಲ್ಲವೆಂದು ನನ್ನ ಭಾವನೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳಿದ್ದು ಹಸಿರಿಗೂ ಸಲ್ಲುತ್ತದೆ.

ನಮ್ಮ ದೇಶದಲ್ಲಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಪರಿಸರದ ಹೆಸರಿನ ಪೊಳ್ಳು ಹೇಳಿಕೆಗಳನ್ನು ತಡೆಯಲು 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ವಂಚನೆಯಿಲ್ಲದ ಬರಿಯ ಬಣ್ಣದ ಬಳಕೆಯನ್ನು ಅದು ತಪ್ಪೆನ್ನುವುದಿಲ್ಲ. ಆದರೆ ಕಾನೂನು ಬಿಟ್ಟಲ್ಲಿ ಮನಸ್ಸಾಕ್ಷಿ ಬಿಡಬೇಕೆಂದಿಲ್ಲ.

ಕೇಳಿದ ಮೇಲೆ ಕೆಲಸದ ಮಾತನ್ನೂ ಹೇಳಬೇಕಲ್ಲ. ಎಳೆಹಸಿರಿನ ಮೇಲಿನ ಬಿಳಿ ಅಕ್ಷರ ನನ್ನಂಥ ಮುದುಕರ ಕಣ್ಣಿಗೆ ನಿಲುಕದು. ಅಕ್ಷರವಿರುವ ಕಡೆ ಗಾಢಹಸಿರೇ ಮೇಲು. ಹಸಿರಿನ ಪಕ್ಕ ಕೆಂಪು ಬೇಡ. ನಕ್ಷೆಯಲ್ಲಿ ಕೆಂಪು ಗೆರೆಗೂ ಹಸಿರು ಗೆರೆಗೂ ಭೇದ ಕಾಣದೆ ತಬ್ಬಿಬ್ಬಾಗುತ್ತಿದ್ದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ತಿಳಿಯದೆ ಗದರಿದ್ದೆ, ಇಂದಿಗೂ ನೋವಿದೆ. ಜೊತೆಗೆ ಅರಿಸಿನದ ಹಳದಿ ಒಂದು, ಬೂದು ಒಂದು ಸಾಕು. ಮೊಬೈಲಿನಲ್ಲಿ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗುತ್ತದೆ. ಅಚ್ಚು ಹಾಕಿಸಿ ನೋಡದೆ ಒಪ್ಪಬಾರದು.

ಎಲ್ಲ ಕೇಳಿ ಅವನು, "ಒಡೆದ ಡಬ್ಬಿಗಳನ್ನು ಹಿಂದಕ್ಕೆ ಪಡೆದು, ಕರಗಿಸಿ ಮತ್ತೆ ಬಳಸುವ ಯೋಚನೆಯೂ ಇದೆ ಸಾರ್" ಎಂದ.

"ಯೋಚನೆ ಮೊದಲು ಕೆಲಸವಾಗಲಿ. ಅಲ್ಲಿಯವರೆಗೆ ನೀಲಿಯೇ ಇರಲಿ" ಎಂದೆ.

ಹಾಳೆಗಳನ್ನು ಸುತ್ತಿಕೊಂಡು ಹೊರಟ. ಬೇಸರವಾಯಿತೋ ಏನೋ. ಎಲೆಯಲ್ಲಿ ಪತ್ರಹರಿತ್ತು ಇರುವುದು ಅಂದಕ್ಕಲ್ಲ, ಅನ್ನ ಬೇಯಿಸುವುದಕ್ಕೆ ಎಂದು ಇವನಿಗೆ ಎಂಟನೆಯ ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ. ಅದು ಅವನಿಗೆ ನೆನಪಾದರೆ ನನ್ನ ಪಾಠ ಸಾರ್ಥಕ.