ಅಡುಗೆಮನೆ ಕಿರಿದಾದರೂ ವರ್ಕ್ ಏರಿಯಾ ಇರಲಿ

ಮಣಿಪಾಲ, ಉಡುಪಿಯಲ್ಲಿ ಹೊಸ ಫ್ಲಾಟುಗಳು ಏಳುತ್ತಲೇ ಇವೆ. ಕಾರ್ಕಳ, ಕಾಪುವಿಗೂ ಅಪಾರ್ಟ್‌ಮೆಂಟ್ ಈಗ ಹೊಸದಲ್ಲ. ಇವುಗಳಲ್ಲಿ ಹಾಲ್, ಬೆಡ್‌ರೂಮುಗಳನ್ನು ಕೂರಿಸಿ ಮಿಕ್ಕ ಮೂಲೆ ಅಡುಗೆಮನೆಯ ಪಾಲಿಗೆ ಬರುವುದೇ ಹೆಚ್ಚು. ಜಾಗ ಸಾಲುತ್ತಿಲ್ಲ ಎಂದರೆ ಇಂಟೀರಿಯರ್‌ನವರ ಬಳಿ ಇರುವ ಮದ್ದು ಒಂದೇ, ಕಪಾಟು. ಕಟ್ಟೆಯ ಕೆಳಗೆ ಡ್ರಾಯರ್, ಮೇಲೆ ತಾರಸಿ ಮುಟ್ಟುವವರೆಗೆ ಬಾಗಿಲು, ಮೂಲೆಗೊಂದು ತಿರುಗುವ ಟ್ರೇ. ಇಷ್ಟಕ್ಕೆಲ್ಲ ದುಡ್ಡು ಸುರಿದ ಮೇಲೂ ಗ್ರೈಂಡರ್ ಎಲ್ಲಿಡುವುದು, ಮೀನು ಎಲ್ಲಿ ತೊಳೆಯುವುದು, ಗಂಜಿ ತೆಳಿ ಎಲ್ಲಿ ಬಸಿಯುವುದು ಎಂಬುದು ಬಗೆಹರಿಯುವುದಿಲ್ಲ. ಏಕೆಂದರೆ ನಮ್ಮ ಕರಾವಳಿಯ ಅಡುಗೆಮನೆಗೆ ಬಂದಿರುವ ಬರ ಸಾಮಾನಿಡುವ ಜಾಗದ್ದಲ್ಲ, ನೀರು ಚೆಲ್ಲಿ ಕೆಲಸ ಮಾಡುವ ಜಾಗದ್ದು. ಮೊದಲು ಅದನ್ನು, ಅಂದರೆ ಒಂದು ವರ್ಕ್ ಏರಿಯಾವನ್ನು, ಕೊಟ್ಟರೆ ಕಿರಿದಾದ ಅಡುಗೆಮನೆಯೂ ಸಾಕಾಗುತ್ತದೆ.

ಈ ಸೀಮೆಯ ಹಳೆಯ ಮನೆಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪ ಗ್ರಾಮಕ್ಕೆ ತಂದು ಮರಳಿ ಕಟ್ಟಿಸಿದ ಮನೆಗಳಲ್ಲಿ ಕಾಪು ಕಡೆಯ ಕುಂಜೂರಿನ ಚೌಕಿಮನೆ, ಕಾರ್ಕಳದ ಬಳಿಯ ಮಿಯಾರಿನ ಮನೆ ಎರಡೂ ಇವೆ. ಅಂಥ ಕಾಲದ ಮನೆಗಳಲ್ಲಿ ಒಲೆ ಉರಿಯುತ್ತಿದ್ದ ಕೋಣೆ ಅಡುಗೆಯ ಒಂದು ಭಾಗ ಮಾತ್ರವಾಗಿತ್ತು. ಕಡೆಯುವ ಕಲ್ಲು ಒಂದು ಬದಿಗೆ, ಪಾತ್ರೆ ತೊಳೆಯುವುದು ಬಾವಿಕಟ್ಟೆಯ ಹತ್ತಿರ, ಮೀನು ಕೊಯ್ಯುವುದು ಹಿತ್ತಿಲಲ್ಲಿ, ಹಪ್ಪಳ ಸಂಡಿಗೆ ಒಣಗುವುದು ಅಂಗಳದಲ್ಲಿ, ಅಕ್ಕಿ ಅಟ್ಟದಲ್ಲಿ. ಅಡುಗೆಮನೆಯ ಕೆಲಸ ಮನೆಯ ಸುತ್ತಲೂ ಹರಡಿತ್ತು. ಫ್ಲಾಟು ಬಾವಿ, ಹಿತ್ತಿಲು, ಅಂಗಳ ಮೂರನ್ನೂ ಕಳೆದು ಕೆಲಸವನ್ನೆಲ್ಲ ಒಂದೇ ಸಿಂಕಿನ ಸುತ್ತ ತಂದು ಗುಡ್ಡೆಹಾಕಿತು. ಊಟವೇನೂ ಬದಲಾಗಲಿಲ್ಲ. ಕಾಯಿ ತುರಿಯದೆ, ಮಸಾಲೆ ಕಡೆಯದೆ ಇಲ್ಲಿ ಎಷ್ಟು ಮನೆಗಳಲ್ಲಿ ಮಧ್ಯಾಹ್ನದ ಅಡುಗೆ ಆಗುತ್ತದೆ?

ಅಳತೆ ಹಿಡಿದು ನೋಡೋಣ. ಊಟದ ಜಾಗ ಬೇರೆ ಇರುವಲ್ಲಿ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಂದರೆ ಸುಮಾರು 54 ಚದರಡಿ ಇರಬೇಕು, ಅಗಲ 1.8 ಮೀಟರಿಗಿಂತ ಕಡಿಮೆಯಾಗಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಈ ಅಗಲದಲ್ಲಿ ಎರಡೂ ಗೋಡೆಗೆ 60 ಸೆಂಟಿಮೀಟರಿನ ಕಟ್ಟೆ ಹಾಕಿದರೆ ನಡುವೆ ಉಳಿಯುವುದು ಇನ್ನೊಂದು 60, ಎರಡಡಿ. ಅಷ್ಟರಲ್ಲಿ ಕೆಳಗಿನ ಡ್ರಾಯರ್ ಎಳೆದರೆ ನಿಂತವರು ಹೊರಗೆ ಬರಬೇಕು. ಒಂದು ಬದಿ ಪೂರ್ತಿ ಕಟ್ಟೆ, ಎದುರು ಗೋಡೆಗೆ 30 ಸೆಂಟಿಮೀಟರಿನ ಹಲಗೆ ಮಾತ್ರ ಇಟ್ಟರೆ 90 ಸೆಂಟಿಮೀಟರ್ ಓಡಾಟಕ್ಕೆ ಸಿಗುತ್ತದೆ, ಇಬ್ಬರು ಕೆಲಸ ಮಾಡಬಹುದು. ಬೇರೆ ಉಗ್ರಾಣ ಇದ್ದರೆ ಅಡುಗೆಮನೆಯನ್ನು 4.5 ಚದರ ಮೀಟರಿಗೆ ಇಳಿಸಲು ಅದೇ ಸಂಹಿತೆ ಒಪ್ಪುತ್ತದೆ. ಕೆಲಸವೊಂದು ಕೋಣೆಯಿಂದ ಹೊರಗೆ ಹೋದರೆ ಕೋಣೆ ಚಿಕ್ಕದಾದರೂ ನಡೆಯುತ್ತದೆ ಎಂಬುದೇ ಅದರ ಹಿಂದಿನ ಲೆಕ್ಕ. ಉಗ್ರಾಣಕ್ಕೆ ಒಪ್ಪುವ ಈ ಮಾತು ನೀರಿನ ಕೆಲಸಕ್ಕೆ ಇನ್ನೂ ಹೆಚ್ಚು ಒಪ್ಪುತ್ತದೆ.

ದೋಸೆಗೆ ಕಡೆಯುವುದನ್ನೇ ಗಮನಿಸಿ. ಕಟ್ಟೆ ಸಾಮಾನ್ಯವಾಗಿ ಸೊಂಟದೆತ್ತರ, 85 ಸೆಂಟಿಮೀಟರ್. ಅದರ ಮೇಲೆ ಗ್ರೈಂಡರ್ ಇಟ್ಟರೆ ಬಾಯಿ ಎದೆಯ ಮಟ್ಟಕ್ಕೆ ಬರುತ್ತದೆ. ಕಲ್ಲುಗಳನ್ನು ಮೇಲಕ್ಕೆತ್ತಬೇಕು, ಎತ್ತಲು ಹೋದರೆ ಮೇಲಿನ ಕಪಾಟಿಗೆ ತಾಗುತ್ತದೆ. ಹಿಟ್ಟನ್ನು ಕೈಯಿಂದ ಬಳಿದು ಪಾತ್ರೆಗೆ ಹಾಕುವಾಗ ಕಟ್ಟೆಯ ಮೇಲೆಲ್ಲ ಚೆಲ್ಲುತ್ತದೆ, ಕೊನೆಗೆ ಗ್ರೈಂಡರಿನ ಭಾರದ ಪಾತ್ರೆಯನ್ನು ಹೊತ್ತು ಸಿಂಕಿಗೆ ಒಯ್ದು ತೊಳೆಯಬೇಕು. ಇಷ್ಟು ರಗಳೆ ಬೇಡವೆಂದು ಗ್ರೈಂಡರ್ ಹಾಲಿನ ಮೂಲೆಗೋ ಮಂಚದ ಅಡಿಗೋ ಸೇರುತ್ತದೆ. ಅದೇ ಯಂತ್ರವನ್ನು ಎರಡಡಿ ಎತ್ತರದ ಕಲ್ಲಿನ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲೊಂದು ನಳ್ಳಿ, ಕೆಳಗೆ ನೀರು ಹರಿದು ಹೋಗುವ ನೆಲ ಕೊಟ್ಟರೆ ಕೂತೇ ಕಡೆದು ಅಲ್ಲೇ ತೊಳೆದು ಮುಗಿಸಬಹುದು. ಇದಕ್ಕೆ ಬೇಕಿರುವುದು ಅಡುಗೆಮನೆಗೆ ಹೊಂದಿಕೊಂಡ 1.2 ಮೀಟರ್ ಅಗಲ, 1.5 ಮೀಟರ್ ಉದ್ದದ ವರ್ಕ್ ಏರಿಯಾ, ಇಪ್ಪತ್ತು ಚದರಡಿಯೂ ಇಲ್ಲ. ವಾಷಿಂಗ್ ಮೆಷಿನ್ ಇನ್ನೊಂದು ಬದಿಗೆ ಕೂರುತ್ತದೆ, ಮೀನೂ ಅಲ್ಲಿಗೇ ಹೋಗುತ್ತದೆ. ಹೊರಗಾಳಿಗೆ ತೆರೆದ ಕಡೆ ಗ್ಯಾಸ್ ಸಿಲಿಂಡರಿಗೂ ಜಾಗ ಮಾಡಬಹುದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಆದ್ದರಿಂದ ಕಟ್ಟೆಯ ಕೆಳಗಿನ ಬಾಗಿಲು ಮುಚ್ಚಿದ ಕಪಾಟಿನಲ್ಲಿ ಸಿಲಿಂಡರ್ ಬಚ್ಚಿಡುವ ಈಗಿನ ರೂಢಿ ಅಂದಕ್ಕೆ ಸರಿ, ಸುರಕ್ಷತೆಗೆ ಅಲ್ಲ.

ಕಪಾಟಿನ ವಿಷಯದಲ್ಲಿ ಮಳೆಯೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ವರ್ಷಕ್ಕೆ 4 ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಊರಿದು. ಒಣ ಹವೆಯ ಊರುಗಳಲ್ಲಿ ಬಾಳುವ ಪಾರ್ಟಿಕಲ್ ಬೋರ್ಡ್ ಇಲ್ಲಿ ಸಿಂಕಿನ ಅಡಿಯಲ್ಲಿ ಉಬ್ಬಿಕೊಳ್ಳುತ್ತದೆ. ಮುಚ್ಚಿದ ಬಾಗಿಲ ಹಿಂದೆ ಹುಣಸೆ, ಮೆಣಸು, ಬೆಲ್ಲಕ್ಕೆ ಬೂಷ್ಟು ಹಿಡಿಯುತ್ತದೆ. ದಿನಬಳಕೆಯ ಸಾಮಾನಿಗೆ ಕಡಪಾ ಕಲ್ಲಿನ ತೆರೆದ ಹಲಗೆಗಳೇ ಲೇಸು. 30 ಸೆಂಟಿಮೀಟರ್ ಆಳವಾದರೆ ಡಬ್ಬಿಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಹಿಂದಿನದು ಮರೆಯಾಗುವುದಿಲ್ಲ. ತೆರೆದಿಟ್ಟರೆ ಧೂಳು, ಎಣ್ಣೆಜಿಡ್ಡು ಎನ್ನುವವರಿದ್ದಾರೆ, ಸುಳ್ಳಲ್ಲ. ಆದರೆ ದಿನಾ ಕೈಯಾಡುವ ವಸ್ತುವಿಗೆ ಜಿಡ್ಡು ಕಟ್ಟುವಷ್ಟು ಬಿಡುವಿರುವುದಿಲ್ಲ. ವರ್ಷಕ್ಕೆರಡು ಸಲ ಹೊರಬರುವ ದೊಡ್ಡ ಪಾತ್ರೆಗಳಿಗೆ ಬಾಗಿಲಿನ ಕಪಾಟು ಇರಲಿ. ಪಾತ್ರೆ ಒಣಗಿಸಲು ಕಟ್ಟೆ ವ್ಯಯವಾಗಬಾರದು. ಫಿನ್‌ಲೆಂಡಿನಲ್ಲಿ 1940ರ ದಶಕದಲ್ಲಿ ಮೈಯು ಗೆಬ್‌ಹಾರ್ಡ್ ಎಂಬಾಕೆ ಸಿಂಕಿನ ಮೇಲೆಯೇ ತಟ್ಟೆ ಒಣಗುವ ತಳವಿಲ್ಲದ ಕಪಾಟನ್ನು ರೂಪಿಸಿದರು. ನಮ್ಮ ಸ್ಟೀಲ್ ಸ್ಟ್ಯಾಂಡನ್ನು ಸಿಂಕಿನ ನೇರಕ್ಕೆ ಗೋಡೆಗೆ ಹೊಡೆದರೆ ಅದೇ ಉಪಾಯ ಕಡಿಮೆ ಖರ್ಚಿನಲ್ಲಿ ಆಗುತ್ತದೆ.

ಇಂಟೀರಿಯರ್‌ನವರ ಈ ಕಪಾಟಿನ ಸಾಲಿಗೆ, ಅಂದರೆ ಮಾಡ್ಯುಲರ್ ಕಿಚನ್‌ಗೆ, ಮೂಲವೆಂದು ಹೆಸರಾದದ್ದು 1926ರ ಫ್ರಾಂಕ್‌ಫರ್ಟ್ ಅಡುಗೆಮನೆ. ಮಾರ್ಗರೆಟೆ ಶುಟ್ಟೆ ಲಿಹೊಟ್ಸ್‌ಕಿ ಅದನ್ನು 1.9 ಮೀಟರ್ ಅಗಲ, 3.4 ಮೀಟರ್ ಉದ್ದಕ್ಕೆ ಹೊಂದಿಸಿದ್ದರು. ಸುಮಾರು ಹತ್ತು ಸಾವಿರ ಮನೆಗಳಿಗೆ ಅದು ಹೋಯಿತು. ಅವರು ಕಪಾಟಿನಿಂದ ಶುರುಮಾಡಿರಲಿಲ್ಲ. ಅಡುಗೆಯವರ ಓಡಾಟ, ಕೈಚಲನೆಯ ಅಧ್ಯಯನಗಳನ್ನು ಓದಿ, ರೈಲಿನ ಊಟದ ಬೋಗಿಯ ಅಡುಗೆಕೋಣೆಯನ್ನು ಗಮನಿಸಿ, ಅಲ್ಲಿನ ಮನೆಯಡುಗೆಗೆ ತಕ್ಕ ಅಳತೆ ಕಂಡುಕೊಂಡರು. ಹಾಗೆ ಅಳೆಯುವ ಕೆಲಸ ನಮ್ಮ ಅಡುಗೆಗೂ ಆಗಬೇಕಿತ್ತು. ಅದನ್ನು ಬಿಟ್ಟು ಕಪಾಟಿನ ಸಾಲನ್ನಷ್ಟೇ ತಂದುಕೊಂಡೆವು. ಫ್ರಾಂಕ್‌ಫರ್ಟ್ ಅಡುಗೆಮನೆಯಲ್ಲಿ ಒಬ್ಬರೇ ಕೆಲಸ ಮಾಡಲು ಸಾಧ್ಯ, ಅದು ಹೆಂಗಸರನ್ನು ಒಂಟಿಯಾಗಿಸಿತು ಎಂಬ ಟೀಕೆ ಮುಂದೆ ಬಂತು. ಗಂಡಸರೂ ಮಕ್ಕಳೂ ಕೈಹಾಕಬೇಕಾದ ಇಂದಿನ ಮನೆಗಳಲ್ಲಿ ಆ ಟೀಕೆಯನ್ನು ನಾವು ಗಂಭೀರವಾಗಿಯೇ ತೆಗೆದುಕೊಳ್ಳಬೇಕು.

ಮಣಿಪಾಲದ ಫ್ಲಾಟುಗಳಲ್ಲಿರುವವರು ವಿದ್ಯಾರ್ಥಿಗಳು, ಅವರಿಗೆ ಇಂಡಕ್ಷನ್ ಸ್ಟವ್ ಸಾಕು, ದೋಸೆಹಿಟ್ಟು ಅಂಗಡಿಯಲ್ಲೇ ಸಿಗುತ್ತದೆ ಎಂದು ಬಿಲ್ಡರುಗಳು ಹೇಳಬಹುದು. ಒಂದೇ ಕೋಣೆಯ ಸ್ಟುಡಿಯೋ ಫ್ಲಾಟಿಗೆ ಆ ಮಾತು ನ್ಯಾಯವೇ. ಎರಡು ಬೆಡ್‌ರೂಮಿನ ಫ್ಲಾಟಿನ ಆಯುಷ್ಯ ಮಾತ್ರ ಬಾಡಿಗೆದಾರರ ವಾಸ್ತವ್ಯಕ್ಕಿಂತ ಬಹಳ ದೊಡ್ಡದು. ಅಲ್ಲಿಗೆ ನಾಳೆ ಸಂಸಾರ ಬರುತ್ತದೆ. ಅಂಗಡಿಯ ಹಿಟ್ಟು ತಂದವರೂ ಮೀನನ್ನು ತೊಳೆಯಲೇಬೇಕು, ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಎಲ್ಲಾದರೂ ಹರವಲೇಬೇಕು. ವರ್ಕ್ ಏರಿಯಾ ಕೊಟ್ಟರೂ ಜನ ಗಾಜು ಹಾಕಿ ಮುಚ್ಚಿ ಗೋಡೌನ್ ಮಾಡಿಕೊಳ್ಳುತ್ತಾರೆ ಎಂಬುದು ಇನ್ನೊಂದು ದೂರು. ಮುಚ್ಚುವುದು ಇರಚಲು ತಡೆಯಲಾರದೆ. ಪಡುವಣದ ಗಾಳಿಮಳೆಗೆ ಮುಖ ಮಾಡಿ, ಸಜ್ಜಾ ಇಲ್ಲದೆ ಕಟ್ಟಿದ್ದನ್ನು ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ. ಪೂರ್ವಕ್ಕೋ ಉತ್ತರಕ್ಕೋ ತಿರುಗಿಸಿ, ಎರಡೂವರೆ ಅಡಿ ಸಜ್ಜಾ ಇಳಿಸಿ, ಗಾಳಿಯಾಡುವ ಅಡ್ಡಪಟ್ಟಿಗಳನ್ನು ಕೂರಿಸಿದರೆ ಮುಚ್ಚುವ ಅಗತ್ಯ ತೀರಾ ಕಡಿಮೆಯಾಗುತ್ತದೆ.

ಗಟ್ಟಿಯಾದ ಆಕ್ಷೇಪ ಹಣದ್ದು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯ ಕಾರ್ಪೆಟ್ ಏರಿಯಾ ಲೆಕ್ಕಕ್ಕೆ ಫ್ಲಾಟಿನದೇ ಆದ ಬಾಲ್ಕನಿ, ವರಾಂಡ ಸೇರುವುದಿಲ್ಲ. ತೆರೆದ ವರ್ಕ್ ಏರಿಯಾ ಬಾಲ್ಕನಿಯ ಸಾಲಿಗೆ ಬಂದರೆ, ಕಟ್ಟಲು ಖರ್ಚಾದರೂ ಜಾಹೀರಾತಿನ ಅಂಕಿಯಲ್ಲಿ ಕಾಣುವುದಿಲ್ಲ. ಚದರಡಿಯ ದರವನ್ನಷ್ಟೇ ನೋಡುವವರಿಗೆ ಅಂಥ ಫ್ಲಾಟು ದುಬಾರಿ ಎನಿಸುತ್ತದೆ. ಹಾಗಾಗಿ ಬಿಲ್ಡರ್ ತಾನಾಗಿ ಕೊಡಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ, ಕೊಳ್ಳುವವರೇ ಕೇಳಬೇಕು. ಕೇಳುವ ಹೊತ್ತೂ ಮುಖ್ಯ. ಕಪಾಟನ್ನು ಯಾವಾಗ ಬೇಕಾದರೂ ಕಿತ್ತು ಬದಲಿಸಬಹುದು. ನೀರು ಹೋಗುವ ಪೈಪು, ಅದಕ್ಕಾಗಿ ತಗ್ಗಿಸಬೇಕಾದ ನೆಲ ಸ್ಲ್ಯಾಬ್ ಹಾಕುವ ದಿನವೇ ತೀರ್ಮಾನವಾಗಿಬಿಡುತ್ತದೆ. ನಕ್ಷೆ ಇನ್ನೂ ಕಾಗದದ ಮೇಲಿರುವಾಗ, ಮುಂಗಡ ಕೊಡುವ ಮೊದಲು, ಗ್ರೈಂಡರ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಬಿಲ್ಡರ್ ಕೈಯಲ್ಲಿ ಗೆರೆ ಎಳೆಸಿ ತೋರಿಸಿಕೊಳ್ಳಿ.