ಮೂವತ್ತೆರಡಕ್ಕೆ ಮೈಕು ಹಿಡಿದವನು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದಿದ್ದರು. ಕಾಫಿ ಮುಗಿಯುವವರೆಗೆ ಮಳೆ ಮತ್ತು ಅಡಕೆ ಧಾರಣೆಯ ಮಾತಾಯಿತು. ಲೋಟ ಕೆಳಗಿಟ್ಟ ಮೇಲೆ, "ಮೇಷ್ಟ್ರೇ, ನಿಮ್ಮ ಮಾತೆಂದರೆ ಅವನಿಗೆ ಈಗಲೂ ಗೌರವ. ಸ್ವಲ್ಪ ಬುದ್ಧಿ ಹೇಳಿ. ಮೂವತ್ತಮೂರನೆಯ ವಯಸ್ಸಿನಲ್ಲಿ ಯಾರಾದರೂ ಹಾಡುಗಾರನಾಗಲು ಹೊರಡುತ್ತಾರೆಯೇ?" ಎಂದರು. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವ ಮಗ ರಾತ್ರಿಯೆಲ್ಲ ಯಂತ್ರಗಳನ್ನು ಮುಂದಿಟ್ಟುಕೊಂಡು ಕಿರುಚುತ್ತಾನೆಂಬುದು ಅವರ ಅಳಲು. ಹೇಳುತ್ತೇನೆಂದು ಒಪ್ಪಿಕೊಂಡೆ.

ದೂರವಾಣಿಯಲ್ಲಿ ಹುಡುಗ ವಾದಿಸಲಿಲ್ಲ. "ಸಾರ್, ಮೊದಲು ಅಲನ್ ವೇಗಾ ಎಂಬಾತನ ಬಗ್ಗೆ ಓದಿ, ಆಮೇಲೆ ಬೈಯಿರಿ" ಎಂದ. ಮೇಷ್ಟ್ರಿಗೇ ಮನೆಪಾಠ! ಓದಿದೆ, ಕೇಳಿದೆ. ಅದರ ಫಲವೇ ಈ ಬರಹ.

ವೇಗಾ ಹುಟ್ಟಿದ್ದು 1938ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬ್ರೂಕ್ಲಿನ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಲು ಸೇರಿ, ಕೊನೆಗೆ ಚಿತ್ರಕಲೆಯ ಕಡೆಗೆ ಹೊರಳಿದ. ಎಸೆದ ಬಲ್ಬು, ತಂತಿ, ಮುರುಕು ಸಾಮಾನುಗಳಿಂದ ಬೆಳಕಿನ ಶಿಲ್ಪಗಳನ್ನು ಮಾಡುತ್ತಿದ್ದ. 1969ರಲ್ಲಿ ಇಗ್ಗಿ ಪಾಪ್ ಎಂಬ ಗಾಯಕನ ಕಛೇರಿ ನೋಡಿ ಆತನ ಮನಸ್ಸು ಕದಡಿಹೋಯಿತು. ಮರುವರ್ಷ, ಮೂವತ್ತೆರಡರ ಪ್ರಾಯದಲ್ಲಿ, ಮಾರ್ಟಿನ್ ರೆವ್ ಎಂಬ ವಾದಕನೊಡನೆ ತಂಡ ಕಟ್ಟಿದ. ತಂಡದ ಹೆಸರು 'ಸೂಯಿಸೈಡ್', ಅಂದರೆ ಆತ್ಮಹತ್ಯೆ! ಹೆಸರು ಕೇಳಿಯೇ ನಾನು ಮುಖ ಸಿಂಡರಿಸಿದೆ. ಇಂದಿಗೂ ಆ ಹೆಸರನ್ನು ನಾನು ಒಪ್ಪಲಾರೆ.

ಗಿಟಾರಿಲ್ಲ, ಮದ್ದಳೆಯವನಿಲ್ಲ. ಅಗ್ಗದ ಒಂದು ವಿದ್ಯುತ್ ಆರ್ಗನ್, ತಾಳ ಹಾಕುವ ಒಂದು ಯಂತ್ರ, ಒಂದು ಕಂಠ. ತಮ್ಮ ಭಿತ್ತಿಪತ್ರದಲ್ಲಿ 'ಪಂಕ್' ಎಂಬ ಪದವನ್ನು ಸಂಗೀತಕ್ಕೆ ಬಳಸಿದ ಮೊದಲಿಗರಲ್ಲಿ ಇವರೂ ಸೇರುತ್ತಾರೆ. ಆದರೆ ಮೊದಲ ಧ್ವನಿಮುದ್ರಿಕೆ ಹೊರಬರಲು 1977ರ ಡಿಸೆಂಬರ್ ಆಗಬೇಕಾಯಿತು. ಏಳು ವರ್ಷ! ನಮ್ಮ ಮಕ್ಕಳು ಏಳು ತಿಂಗಳು ಕಾದರೆ ನಾವು ಜಾತಕ ತೋರಿಸುತ್ತೇವೆ.

1978ರ ಜೂನ್ 16ರಂದು ಬ್ರಸೆಲ್ಸ್ ನಗರದಲ್ಲಿ ಎಲ್ವಿಸ್ ಕಾಸ್ಟೆಲೊನ ಕಛೇರಿಗೆ ಮುನ್ನ ಇವರು ಹಾಡಿದರು. ಸಭಿಕರು ಕೂಗಿದರು, ಗೇಲಿ ಮಾಡಿದರು, ಕೊನೆಗೆ ಮೈಕನ್ನೇ ಕಿತ್ತುಕೊಂಡರು. ಆ ಇಪ್ಪತ್ತಮೂರು ನಿಮಿಷಗಳ ಧ್ವನಿಮುದ್ರಣ ಇಂದಿಗೂ ಲಭ್ಯವಿದೆ. ಅದೇ ವರ್ಷ ಗ್ಲಾಸ್ಗೋದಲ್ಲಿ ತನ್ನತ್ತ ಕೊಡಲಿಯೊಂದು ತೂರಿಬಂದಿತ್ತೆಂದು ವೇಗಾ ಹೇಳಿಕೊಳ್ಳುತ್ತಿದ್ದ.

ಬ್ರಸೆಲ್ಸಿನ ಆ ಗದ್ದಲವನ್ನು ಕೇಳುವಾಗ ನನಗೆ ಬೇರೊಂದು ಗದ್ದಲ ನೆನಪಾಯಿತು. ಇದೇ ಹುಡುಗ ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವದಲ್ಲಿ ತಾನೇ ಕಟ್ಟಿದ ಹಾಡೊಂದನ್ನು ಹಾಡಿದ. ಗಂಟಲು ಹರಿಯುವಂಥ ಹಾಡು. ಮಕ್ಕಳು ನಕ್ಕರು, ಶಿಳ್ಳೆ ಹಾಕಿದರು. ಪಕ್ಕದಲ್ಲಿ ನಿಂತಿದ್ದ ನಾನು ಪರದೆ ಎಳೆಯುವಂತೆ ಕೈಸನ್ನೆ ಮಾಡಿದೆ. ಹುಡುಗನ ಮರ್ಯಾದೆ ಉಳಿಸಿದೆನೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ನಾನು ಉಳಿಸಿದ್ದು ಶಾಲೆಯ ಮರ್ಯಾದೆಯನ್ನು, ಅಷ್ಟೇ.

ಈ ಸಂಗೀತ ಚೆನ್ನಾಗಿದೆಯೇ? ಎಲ್ಲವೂ ನನಗೆ ಹಿಡಿಸಲಿಲ್ಲ. ಆದರೆ ಮೊದಲ ಮುದ್ರಿಕೆಯಲ್ಲಿ 'ಫ್ರ್ಯಾಂಕಿ ಟಿಯರ್‌ಡ್ರಾಪ್' ಎಂಬ, ಹತ್ತು ನಿಮಿಷಕ್ಕೂ ಮೀರಿದ ಹಾಡೊಂದಿದೆ. ಕಾರ್ಖಾನೆಯಲ್ಲಿ ದುಡಿದರೂ ಸಂಸಾರ ಸಾಕಲಾಗದ ಯುವಕನೊಬ್ಬ ಹೆಂಡತಿ ಮಗುವನ್ನು ಕೊಂದು ತಾನೂ ಸಾಯುವ ಕಥೆ. ಯಂತ್ರದ ತಾಳ ಮಗ್ಗದಂತೆ ಒಂದೇ ಸಮನೆ ಬಡಿಯುತ್ತದೆ. ನಡುನಡುವೆ ಗಾಯಕನ ಚೀತ್ಕಾರ. ಒಂದೇ ಸಲಕ್ಕೆ ಪೂರ್ತಿ ಕೇಳಲು ನನ್ನಿಂದಾಗಲಿಲ್ಲ. ನವರಸಗಳಲ್ಲಿ ಭಯಾನಕ, ಬೀಭತ್ಸಗಳೂ ಸೇರಿವೆಯೆಂದು ಮೂರು ದಶಕ ಪಾಠ ಮಾಡಿದ ನಾನು, ಅವು ನಿಜವಾಗಿ ಎದುರು ಬಂದಾಗ ಇದು ಸಂಗೀತವೇ ಎಂದು ಕೇಳುವುದು ಯಾವ ನ್ಯಾಯ? ಆ ಕಥೆಯನ್ನು ಇಂಪಾಗಿ ಹಾಡಿದ್ದರೆ ಅದು ಸುಳ್ಳಾಗುತ್ತಿತ್ತು.

ಅಮೆರಿಕದ ಜನಪ್ರಿಯ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಈ ತಂಡದ ಅಭಿಮಾನಿ. ಇವರ 'ಡ್ರೀಮ್ ಬೇಬಿ ಡ್ರೀಮ್' ಹಾಡನ್ನು 2005ರಲ್ಲಿ ತನ್ನ ಕಛೇರಿಗಳ ಕೊನೆಗೆ ಹಾಡಿದ. 2014ರ ತನ್ನ ಮುದ್ರಿಕೆಯಲ್ಲೂ ಸೇರಿಸಿದ. ಹಾಗೆಂದು ವೇಗಾ ಅರಮನೆ ಕಟ್ಟಿಸಲಿಲ್ಲ. 'ಜೂಕ್‌ಬಾಕ್ಸ್ ಬೇಬ್' ಎಂಬ ಒಂದು ಹಾಡು ಫ್ರಾನ್ಸಿನಲ್ಲಿ ಜನಪ್ರಿಯವಾದದ್ದು ಬಿಟ್ಟರೆ ಸಂತೆಯಲ್ಲಿ ಓಡಿದ್ದು ಕಡಿಮೆ. ಆತನ ಪತ್ನಿ ಲಿಜ್ ಲಾಮೆರ್ ವಾಲ್ ಸ್ಟ್ರೀಟಿನಲ್ಲಿ ವಕೀಲೆಯಾಗಿದ್ದುಕೊಂಡೇ ಆತನೊಡನೆ ಸಂಗೀತವನ್ನೂ ಮಾಡಿದವರು. ಈ ಸಂಗತಿಯನ್ನು ಹುಡುಗನಿಗೆ ಒತ್ತಿ ಹೇಳಿದ್ದೇನೆ. ಹಾಡು ಬೇರೆ, ಮನೆ ಬಾಡಿಗೆ ಬೇರೆ. ಅವನು ಕೆಲಸ ಬಿಟ್ಟಿಲ್ಲ, ಬಿಡುವ ವಿಚಾರವೂ ಇಲ್ಲವಂತೆ.

ಇನ್ನೊಂದು ವಿನೋದ. ವೇಗಾ ಬಹುಕಾಲ ತನ್ನ ವಯಸ್ಸನ್ನು ಹತ್ತು ವರ್ಷ ಕಡಿಮೆಯೆಂದೇ ಜನ ನಂಬುವಂತೆ ನಡೆದುಕೊಂಡ. 'ಈ ವಯಸ್ಸಿನಲ್ಲಿ ಇದೆಲ್ಲ ಏಕೆ' ಎಂಬ ಪ್ರಶ್ನೆ ಬ್ರೂಕ್ಲಿನ್‌ನಲ್ಲೂ ಇದೆ ಎಂದಾಯಿತು! 2012ರಲ್ಲಿ ಪಾರ್ಶ್ವವಾಯು ಬಡಿದ ಮೇಲೂ ಕೆಲಸ ಬಿಡಲಿಲ್ಲ. 2016ರ ಜುಲೈ 16ರಂದು, ಎಪ್ಪತ್ತೆಂಟರಲ್ಲಿ, ನಿದ್ದೆಯಲ್ಲೇ ತೀರಿಕೊಂಡ. ಕೊನೆಯ ದಿನಗಳ ಹಾಡುಗಳು ಮರುವರ್ಷ 'ಇಟ್' ಎಂಬ ಹೆಸರಿನಲ್ಲಿ ಬಂದವು.

ರಾಯರೇ, ನೀವು ಇದನ್ನು ಓದುತ್ತೀರೆಂದು ಬಲ್ಲೆ. ನಿಮಗೆ ಕೊಟ್ಟ ಮಾತನ್ನು ನಡೆಸಲಾಗಲಿಲ್ಲ, ಕ್ಷಮಿಸಿ. ರಾತ್ರಿ ಹತ್ತರ ನಂತರ ಶಬ್ದ ಮಾಡಬೇಡವೆಂದು ಮಾತ್ರ ಹೇಳಿದ್ದೇನೆ. ದಸರೆಯ ರಜೆಗೆ ಬಂದಾಗ ಯಂತ್ರಗಳನ್ನೂ ತರಲು ತಿಳಿಸಿದ್ದೇನೆ. ನಮ್ಮ ಜಗಲಿಯಲ್ಲಿ ಹಾಡಲಿ. ಕಿಟಕಿ ಮುಚ್ಚಬೇಕೇ ಎಂದು ನನ್ನಾಕೆ ಕೇಳುತ್ತಿದ್ದಾಳೆ. ಬೇಡವೆಂದಿದ್ದೇನೆ. ನೀವೂ ಬನ್ನಿ.